ಇನ್ನೂರೈದು ಕಿಲೋ ಉಳ್ಳಾಗಡ್ಡಿಯ ಲೆಕ್ಕ

ಪ್ರಿಯ ಶಿಷ್ಯರೇ, ಕರಿಹಲಗೆಯ ಮೇಲೆ ಲಾಭ-ನಷ್ಟದ ಲೆಕ್ಕ ಬಿಡಿಸಿದ ನೀವು ಇದನ್ನೂ ಬಿಡಿಸಿರಿ. 2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೋ ಉಳ್ಳಾಗಡ್ಡಿಯನ್ನು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಯಲ್ಲಿ ಮಾರಿದರು. ಕ್ವಿಂಟಲಿಗೆ 200 ರೂಪಾಯಿಯಂತೆ ಒಟ್ಟು 410. ಹಮಾಲಿ 24, ಸಾಗಣೆ 377.64 ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಕಿಲೋದ ಎರಡು ರೂಪಾಯಿಯಲ್ಲಿ 1 ರೂಪಾಯಿ 84 ಪೈಸೆಯನ್ನು ದಾರಿಯೇ ನುಂಗಿತ್ತು.

ಇದೇ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ, ಸಾವುಕಾರನ ಬಡ್ಡಿಯಿಂದ ಬಿಡುಗಡೆಯ ದಾರಿ ತೋರಿದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳ ರೈತರು ಮಲಪ್ರಭಾ ನೀರಾವರಿಯ ಬೆಟರ್‌ಮೆಂಟ್ ಲೆವಿಯ ವಿರುದ್ಧ ಎದ್ದು ನಿಂತು ಗುಂಡಿಗೆ ಬಲಿಯಾದರು. ಸಾಲಕ್ಕೆ ಸಂಘ ಹುಟ್ಟಿತು, ಕರದೆದುರು ಚಳವಳಿ ಹುಟ್ಟಿತು. ಮಾರಾಟದಲ್ಲಿ ಮಾತ್ರ ರೋಣ, ಗಜೇಂದ್ರಗಡಗಳ ಸಣ್ಣ ಹಿಡುವಳಿದಾರ ಹೆಚ್ಚಾಗಿ ಒಂಟಿಯೇ.

ಕೂಡಿ ಮಾರಿದ ನಿದರ್ಶನವೂ ನಮ್ಮ ನಾಡಿನಲ್ಲುಂಟು. 1959ರಲ್ಲಿ ಡಾ. ಎಂ.ಎಚ್. ಮರೀಗೌಡರ ಪ್ರೇರಣೆಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರು ಕಟ್ಟಿದ ಸಂಘವೇ ಬೆಳೆದು ಹಾಪ್‌ಕಾಮ್ಸ್ ಆಯಿತು. ಬೆಳೆದವನಿಗೂ ಕೊಳ್ಳುವವನಿಗೂ ನಡುವೆ ಬೆಳೆಗಾರರದೇ ಮಳಿಗೆ ನಿಂತಿತು.

ಕೂಡಿ ಸಾಲ ಪಡೆಯುವುದನ್ನು ನಾಡಿಗೆ ಕಲಿಸಿದ ಸೀಮೆ ನಮ್ಮದು. ಕೂಡಿ ಮಾರುವ ಪಾಠ ಬಾಕಿಯಿದೆ. ಊರಿನಲ್ಲಿ ಹೊಲವುಳ್ಳವರು ಯೋಚಿಸಿರಿ.