ಸೈಕಲ್ ಮೇಲೆ ಬಂದ ನಿರ್ಮಾ

ಬಟ್ಟೆ ಒಗೆಯೋಕೆ ಯಾವ ಪುಡಿ ಬೇಕಿದ್ದರೂ ಅಂಗಡಿಯಲ್ಲಿ ‘ನಿರ್ಮಾ ಕೊಡಿ’ ಅನ್ನುವ ಅಜ್ಜಿಯರನ್ನು ನಾವು ಈಗಲೂ ನೋಡುತ್ತೇವೆ. ಅದು ಒಬ್ಬ ಹುಡುಗಿಯ ಹೆಸರು. ಗುಜರಾತ್ ಸರ್ಕಾರದ ಗಣಿ ಇಲಾಖೆಯಲ್ಲಿ ಕೆಮಿಸ್ಟ್ ಆಗಿದ್ದ ಕರ್ಸನ್‌ಭಾಯಿ ಪಟೇಲ್ 1969ರಲ್ಲಿ ಅಹಮದಾಬಾದಿನ ತಮ್ಮ ಮನೆ ಹಿತ್ತಲಲ್ಲಿ ಈ ಹಳದಿ ಪುಡಿ ಬೆರೆಸಿದರು. ಮಗಳು ನಿರುಪಮಾ, ಅದಕ್ಕೇ ನಿರ್ಮಾ. ನೌಕರಿ ಬಿಡದೆ, ಸೈಕಲ್ ಮೇಲೆ ಮನೆಮನೆಗೆ ಹೋಗಿ ಮಾರಿದರು.

ಗೆಲ್ಲಿಸಿದ್ದು ಬೆಲೆ. ಸರ್ಫ್ ಕೆಜಿಗೆ ಸುಮಾರು 13 ರೂಪಾಯಿ ಇದ್ದಾಗ ಇದು 3 ರೂಪಾಯಿ ಆಸುಪಾಸು. ಬಾರ್ ಸೋಪು ತಿಕ್ಕಿ ತಿಕ್ಕಿ ರಟ್ಟೆ ನೋಯಿಸಿಕೊಳ್ಳುತ್ತಿದ್ದ ಮನೆಗಳಿಗೂ ಪುಡಿ ಬಂತು. ಸೋಡಾ ಜಾಸ್ತಿ, ಕೈಗೆ ಒರಟು, ಅದೂ ನಿಜ. ಆದರೂ 1980ರ ದಶಕದಲ್ಲಿ ಮಾರಾಟದಲ್ಲಿ ಸರ್ಫನ್ನೇ ಹಿಂದೆ ಹಾಕಿತು. ಬಡವರ ಬಕೆಟ್ ಕಡೆ ತಿರುಗಿ ನೋಡದಿದ್ದ ಹಿಂದೂಸ್ತಾನ್ ಲಿವರ್ ಕಂಪನಿ ಆಮೇಲೆ ಅಗ್ಗದ ‘ವ್ಹೀಲ್’ ತಂದಿತು.