ತೊಟ್ಟಿಲಿನ ಹೆಸರು, ಶಾಸನದ ಹೆಸರು

ಕನ್ನಡ ಮೇಷ್ಟರೆಂದರೆ ಹೆಸರುಗಳ ಉಗ್ರಾಣವೆಂಬ ಭಾವನೆ ನಮ್ಮ ಕಡೆ ಇನ್ನೂ ಉಳಿದಿದೆ. ತುಮಕೂರಿನ ನೆರೆಹೊರೆಯವರಾಗಲಿ, ಗುಬ್ಬಿಯ ನಂಟರಾಗಲಿ, ಕುಣಿಗಲ್ಲಿನ ಹಳೆಯ ವಿದ್ಯಾರ್ಥಿಗಳಾಗಲಿ, ಮನೆಯಲ್ಲಿ ಹೆಣ್ಣುಮಗು ಹುಟ್ಟಿತೆಂದರೆ ನನ್ನ ಮುಂದೆ ಎರಡು ಪ್ರಶ್ನೆಗಳನ್ನು ಇಡುತ್ತಾರೆ. ಈ ಹೆಸರನ್ನು ಬರೆಯುವುದು ಹೇಗೆ? ಕರೆಯುವುದು ಹೇಗೆ? ‘ಶಾಂತಲೆ’ಯೋ, ‘ಶಾಂತಲ’ವೋ, ‘ಶಾಂತಲಾ’ವೋ? ‘ಲಕ್ಷ್ಮಿ’ಯೋ, ‘ಲಕ್ಷ್ಮೀ’ಯೋ? ಕೊನೆಯ ಒಂದು ದೀರ್ಘಕ್ಕಾಗಿ ಇಷ್ಟು ಚರ್ಚೆಯೇ ಎಂದು ನಗುವವರೂ ಇದ್ದಾರೆ. ಆದರೆ ಆ ದೀರ್ಘದ ಹಿಂದೆ ಸಾವಿರ ವರ್ಷಗಳ ಕಥೆಯೊಂದಿದೆ. ಅದನ್ನು ತಿಳಿದು ಹೆಸರಿಟ್ಟರೆ ಮಗುವಿಗೂ ಲೇಸು, ಮನೆಯ ಹಿರಿಯರಿಗೂ ಲೇಸು.

ನಮಗೆ ಹತ್ತಿರದ ನಿದರ್ಶನದಿಂದಲೇ ತೊಡಗೋಣ. ತುಮಕೂರಿನಿಂದ ಬೆಂಗಳೂರಿಗೆ ಹೋಗುವಾಗ ದಾಬಸ್‌ಪೇಟೆಯ ಬಳಿ ಶಿವಗಂಗೆಯ ಬೆಟ್ಟ ಕಾಣುತ್ತದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಕ್ರಿ.ಶ. 1131ರಲ್ಲಿ ದೇಹಬಿಟ್ಟದ್ದು ಅಲ್ಲಿ. ಆಕೆಯ ಹೆಸರು ಶಾಂತಲೆ. ಆಕೆಯ ತಾಯಿಯ ಹೆಸರು ಮಾಚಿಕಬ್ಬೆ. ಈ ಎರಡು ಹೆಸರುಗಳನ್ನು ಒಂದರ ಪಕ್ಕ ಒಂದನ್ನಿಟ್ಟು ನೋಡಿರಿ. ತಾಯಿಯ ಹೆಸರಿನ ಕೊನೆಯಲ್ಲಿ ಹಳೆಯ ‘ಅಬ್ಬೆ’ ಇದೆ. ಮಗಳ ಹೆಸರಿನಲ್ಲಿ ‘ಅಲೆ’ ಬಂದಿದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ, 10ನೆಯ ಶತಮಾನದ ಆರಂಭದಲ್ಲಿ ನಾಗರಖಂಡವನ್ನಾಳಿದ ಜಕ್ಕಿಯಬ್ಬೆ, ಇವರೆಲ್ಲ ಅಬ್ಬೆಯರು. ಹೊಯ್ಸಳರ ಕಾಲಕ್ಕೆ ಏಚಲದೇವಿ, ಬಮ್ಮಲದೇವಿ ಮುಂತಾದ ಹೆಸರುಗಳು ಅರಮನೆಯಲ್ಲಿ ಮೆರೆದುವು. ಹೆಸರಿನಲ್ಲಿ ಹೊಸತನ್ನು ಬಯಸುವ ಚಾಪಲ್ಯ ಇಂದಿನ ತರುಣರಿಗೆ ಮಾತ್ರ ಅಂಟಿದ ರೋಗವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಅರಸಿಯರ ಮಾತು ಹಾಗಿರಲಿ. ತುಮಕೂರಿಗೆ ಸಮೀಪದಲ್ಲಿ, ಗೂಳೂರಿನ ಬಳಿ, ಕೈದಾಳವೆಂಬ ಊರಿದೆ. ಜಕಣಾಚಾರಿಯ ಐತಿಹ್ಯದಿಂದ ಅದು ಎಲ್ಲರಿಗೂ ಗೊತ್ತು. 12ನೆಯ ಶತಮಾನದ ನಡುಗಾಲದಲ್ಲಿ ಸಾಮಂತ ಬಾಚಿಯೆಂಬವನು ಅಲ್ಲಿ ಹಲವು ದೇಗುಲಗಳನ್ನು ಕಟ್ಟಿಸಿದನು. ತನ್ನ ಮಡದಿ ಭೀಮಲೆಯ ಹೆಸರಿನಲ್ಲಿ ಭೀಮಜಿನಾಲಯವೆಂಬ ಬಸದಿಯನ್ನೂ ಮಾಡಿಸಿದನು. ಭೀಮನೆಂದರೆ ಗದೆಯನ್ನು ಹೊತ್ತ ಗಂಡು. ಅದಕ್ಕೆ ‘ಅಲೆ’ಯನ್ನು ಸೇರಿಸಿದೊಡನೆ ಮನೆಯ ಒಡತಿಯ ಹೆಸರಾಯಿತು. ಕನ್ನಡವು ಹೊರಗಿನಿಂದ ಬಂದ ಪದವನ್ನು ಅಂಗಳದಲ್ಲಿ ನಿಲ್ಲಿಸದೆ, ಕಾಲು ತೊಳೆಸಿ ಒಳಗೆ ಕರೆದುಕೊಳ್ಳುವ ರೀತಿ ಇದು.

ಈ ರೀತಿಗೆ ವ್ಯಾಕರಣದ ಬೆಂಬಲವೂ ಉಂಟು. ಸಂಸ್ಕೃತದಲ್ಲಿ ‘ಆ’ ಎಂದು ಮುಗಿಯುವ ಸ್ತ್ರೀಲಿಂಗದ ಮಾತುಗಳು ಕನ್ನಡದಲ್ಲಿ ಬಹುಮಟ್ಟಿಗೆ ‘ಎ’ಕಾರದಲ್ಲಿ ನಿಲ್ಲುತ್ತವೆ. ಶಾಲಾ ಎಂಬುದು ಶಾಲೆ, ಮಾಲಾ ಎಂಬುದು ಮಾಲೆ, ಸೀತಾ ಎಂಬುದು ಸೀತೆ, ಗಂಗಾ ಎಂಬುದು ಗಂಗೆ. ಎಕಾರವಿದ್ದರೆ ವಿಭಕ್ತಿ ಪ್ರತ್ಯಯಗಳು ಸಲೀಸಾಗಿ ಅಂಟಿಕೊಳ್ಳುತ್ತವೆ: ಸೀತೆಗೆ, ಸೀತೆಯನ್ನು, ಸೀತೆಯ. ದೀರ್ಘವನ್ನು ಉಳಿಸಿಕೊಂಡರೆ ನಡುವೆ ಒಂದು ಳಕಾರವನ್ನು ತಂದು ನಿಲ್ಲಿಸಬೇಕಾಗುತ್ತದೆ: ಗೀತಾಳಿಗೆ, ಗೀತಾಳನ್ನು, ಗೀತಾಳ. ಇದು ತಪ್ಪೆಂದು ನಾನು ಹೇಳುವುದಿಲ್ಲ. ‘ಗೀತೆಯನ್ನು ಕೇಳಿದೆ’ ಎಂದರೆ ಹಾಡನ್ನು ಕೇಳಿದ್ದೋ ಹುಡುಗಿಯನ್ನು ಕೇಳಿದ್ದೋ ಎಂಬ ಗೊಂದಲವನ್ನು ಆ ಳಕಾರವೇ ತಪ್ಪಿಸಿದೆ. ಶಾಸನದ ಶಾಂತಲೆ ಕೆ. ವಿ. ಅಯ್ಯರ್ ಅವರ ಕಾದಂಬರಿಯ ಹೊದಿಕೆಯ ಮೇಲೆ ‘ಶಾಂತಲಾ’ ಆಗಿ ಬಂದಳು. ಓದುಗರು ಆದರದಿಂದಲೇ ಬರಮಾಡಿಕೊಂಡರು. ಎರಡೂ ರೂಪಗಳು ಬಾಳುತ್ತವೆ. ಒಂದು ಮಾತ್ರ ಶುದ್ಧ, ಇನ್ನೊಂದು ಹಳ್ಳಿಯ ಅಪಭ್ರಂಶ ಎಂಬ ತಿರಸ್ಕಾರ ಮಾತ್ರ ಸಲ್ಲದು.

ಆ ತಿರಸ್ಕಾರಕ್ಕೆ ಹೆಚ್ಚಾಗಿ ಗುರಿಯಾದವಳು ನಮ್ಮ ‘ಲಕ್ಕಮ್ಮ’. ಸಂಸ್ಕೃತದ ‘ಕ್ಷ’ ಕನ್ನಡಿಗರ ನಾಲಗೆಯಲ್ಲಿ ‘ಕ್ಕ’ ಆಗುವುದು ಸೋಮಾರಿತನದಿಂದಲ್ಲ, ಅದಕ್ಕೊಂದು ಕ್ರಮವಿದೆ. ಅಕ್ಷರ ಅಕ್ಕರವಾಯಿತು, ಪಕ್ಷ ಪಕ್ಕವಾಯಿತು, ರಾಕ್ಷಸ ರಕ್ಕಸನಾದನು, ಯಕ್ಷ ಜಕ್ಕನಾದನು. ಜಕ್ಕಿಯಬ್ಬೆಯ ಹೆಸರು ಹುಟ್ಟಿದ್ದೂ ಹೀಗೆಯೆ. 13ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ತದ್ಭವಗಳಿಗಾಗಿಯೇ ಅಪಭ್ರಂಶ ಪ್ರಕರಣವೆಂಬ ಒಂದು ಭಾಗವನ್ನು ಮೀಸಲಿಟ್ಟನು. ವಿಜಯನಗರದ ಪ್ರೌಢದೇವರಾಯನ ದಂಡನಾಯಕ, ‘ಶಿವತತ್ತ್ವಚಿಂತಾಮಣಿ’ಯನ್ನು ಬರೆದ ವಿದ್ವಾಂಸ, ಲಕ್ಕಣ್ಣನೆಂಬ ಹೆಸರಿನಿಂದಲೇ ಪ್ರಸಿದ್ಧನಾದನು. ‘ಹದಿಬದೆಯ ಧರ್ಮ’ದ ಕವಯಿತ್ರಿ ಸಂಚಿಯ ಹೊನ್ನಮ್ಮ ಮೈಸೂರಿನ ಅರಮನೆಯಲ್ಲಿದ್ದೂ ಹೊನ್ನಮ್ಮನಾಗಿಯೇ ಉಳಿದಳು. ಅರಮನೆಗೆ ಕುಂದಾಗದ ಹೆಸರು ನಮ್ಮ ಮಕ್ಕಳ ಶಾಲೆಗೆ ಕುಂದಾದೀತೆ?

ಹಾಗೆಂದು ಕಾಲವನ್ನು ಹಿಡಿದು ನಿಲ್ಲಿಸಲಾಗುವುದಿಲ್ಲ. ಇದಕ್ಕೆ ಗುಬ್ಬಿಯ ರಂಗಭೂಮಿಯೇ ಸಾಕ್ಷಿ. 1884ರಲ್ಲಿ ಹುಟ್ಟಿ, ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾದ ಗುಬ್ಬಿ ಕಂಪನಿಯಲ್ಲಿ ಜನರ ಮನಸ್ಸನ್ನು ಸೂರೆಗೊಂಡ ನಟಿ ಬಿ. ಜಯಮ್ಮನವರು. ವೀರಣ್ಣನವರ ಮಗಳು ಮಾಲತಮ್ಮನವರು. ಮೊಮ್ಮಗಳು ಬಿ. ಜಯಶ್ರೀಯವರು, 2010ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡ ರಂಗಕರ್ಮಿ. ಒಂದೇ ಮನೆತನದಲ್ಲಿ ‘ಜಯ’ ಉಳಿಯಿತು. ‘ಅಮ್ಮ’ ಹೋಗಿ ‘ಶ್ರೀ’ ಬಂದಿತು. ಮಾಚಿಕಬ್ಬೆಯ ಮಗಳು ಶಾಂತಲೆಯಾದಂತೆಯೇ ಇದೂ. ಬೇರು ಉಳಿದು ಚಿಗುರು ಹೊಸದಾದರೆ ಯಾರಿಗೂ ನಷ್ಟವಿಲ್ಲ.

ಬೇರನ್ನೇ ಕಿತ್ತಾಗ ಮಾತ್ರ ತೊಂದರೆ. ಲಕ್ಕಮ್ಮನೆಂಬ ಅಜ್ಜಿ ಇರುವ ಒಂದು ಮನೆಯನ್ನು ಭಾವಿಸಿರಿ. ನಮ್ಮ ಮೂರು ತಾಲ್ಲೂಕುಗಳಲ್ಲಿ ಅಂಥ ಮನೆಗಳಿಗೇನೂ ಬರವಿಲ್ಲ. ಮರಿಮಗಳು ಹುಟ್ಟಿದ್ದಾಳೆ, ಅಶ್ವಿನಿ ನಕ್ಷತ್ರ. ಜೋಯಿಸರು ಚು, ಚೆ, ಚೋ, ಲ ಎಂಬ ಅಕ್ಷರಗಳನ್ನು ಹೇಳಿದ್ದಾರೆ. ಲಕಾರವೇ ಬಂದಿದೆ, ಅಜ್ಜಿಯ ಹೆಸರಿಗೆ ಸರಿಹೊಂದುತ್ತದೆ. ಆದರೆ ಮಗುವಿನ ತಂದೆತಾಯಿಗೆ ಆ ಹೆಸರು ಹಳತೆಂಬ ಅಳುಕು. ಎಲ್ಲಿಂದಲೋ ತಂದ, ಒತ್ತಕ್ಷರಗಳು ತುಂಬಿದ ಹೆಸರನ್ನು ಇಡುತ್ತಾರೆ. ತೊಟ್ಟಿಲ ಬಳಿ ಕುಳಿತ ಅಜ್ಜಿಗೆ ಅದು ಬಾಯಿಗೆ ಬಾರದು. ಒಮ್ಮೆ ತಪ್ಪು ಹೇಳಿದಾಗ ಯಾರೋ ನಕ್ಕಿದ್ದನ್ನು ಕಂಡು, ಆಮೇಲೆ ಅವಳು ಮಗುವನ್ನು ‘ಪಾಪ’ ಎಂದಷ್ಟೇ ಕರೆಯುತ್ತಾಳೆ. ತನ್ನ ವಂಶದ ಕುಡಿಯನ್ನು ಹೆಸರು ಹಿಡಿದು ಕರೆಯಲಾರದೆ ಆ ಮುದುಕಿ ಕಣ್ಮುಚ್ಚಬೇಕೆ? ಹೆಸರಿನ ಚರ್ಚೆಯಲ್ಲಿ ನಿಜವಾಗಿ ತಕ್ಕಡಿಯಲ್ಲಿರುವುದು ದೀರ್ಘವೋ ಹ್ರಸ್ವವೋ ಅಲ್ಲ, ಇದು.

ದಾರಿ ಇಲ್ಲದೆ ಇಲ್ಲ. ಬರಹದಲ್ಲಿ ‘ಲಕ್ಷ್ಮಿ’, ಕರೆಯುವಾಗ ‘ಲಕ್ಕಿ’ ಎಂದಿಟ್ಟುಕೊಳ್ಳಬಹುದು. ತರುಣರಿಗೆ ಅದು ಅದೃಷ್ಟವೆಂಬ ಅರ್ಥದ ಇಂಗ್ಲಿಷ್ ಮಾತಾಗಿ ಕೇಳಿಸುತ್ತದೆ, ಹೊಸದೆಂದು ಹಿಗ್ಗುತ್ತಾರೆ. ಅಜ್ಜಿಗೆ ತನ್ನದೇ ಹೆಸರಿನ ಮೊದಲ ಅಕ್ಷರಗಳು ಕೇಳಿಸುತ್ತವೆ, ಅವಳೂ ಹಿಗ್ಗುತ್ತಾಳೆ. ಇಬ್ಬರೂ ಕರೆಯುವುದು ಒಂದೇ ಕೂಸನ್ನು.

ಇನ್ನು ಇಂಗ್ಲಿಷ್ ಅಕ್ಷರಗಳ ಕಾಟ. ನಮ್ಮ ಲಕಾರ ಳಕಾರಗಳಿಗೆ, ನಕಾರ ಣಕಾರಗಳಿಗೆ, ಹ್ರಸ್ವ ದೀರ್ಘಗಳಿಗೆ ಅಲ್ಲಿ ಬೇರೆ ಬೇರೆ ಮನೆಗಳಿಲ್ಲ. ‘ಕಲಾ’ ಎಂದು ಬರೆದದ್ದನ್ನು ‘ಕಾಲ’ ಎಂದೂ ಓದಬಹುದು. ತಕಾರಕ್ಕೆ ನಾವು ‘ಟಿ’ಯ ಜೊತೆ ‘ಎಚ್’ ಸೇರಿಸುತ್ತೇವೆ; ಉತ್ತರದವರು ಅದನ್ನು ಥಕಾರವೆಂದು ಓದಿ ಲತಾಳನ್ನು ‘ಲಥಾ’ ಮಾಡುತ್ತಾರೆ. ಊರುಗಳೂ ಈ ಕಾಟವನ್ನು ಪಟ್ಟಿವೆ. ‘ತುಮಕೂರು’ ಇಂಗ್ಲಿಷಿನಲ್ಲಿ ‘ತುಮ್‌ಕೂರ್’ ಆಗಿ, 2014ರ ನವೆಂಬರ್ 1ರಂದು ಇತರ 11 ಊರುಗಳೊಡನೆ ತನ್ನ ಸ್ವರಗಳನ್ನು ಹಿಂದಕ್ಕೆ ಪಡೆಯಿತು. ಕಾಲದಿಂದ ಬರುವ ಬದಲಾವಣೆ ಬೇರೆ: ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ರಾಷ್ಟ್ರಕೂಟರ ತಾಮ್ರಶಾಸನದಲ್ಲಿ ‘ಕುಣುಂಗಿಲ್’ ಎಂದಿರುವ ನಾಡು ಜನರ ಬಾಯಲ್ಲಿ ಸವೆದು ಕುಣಿಗಲ್ ಆಯಿತು. ಬಾಯಿಂದ ಸವೆದ ಹೆಸರು ನುಣುಪಾಗುತ್ತದೆ. ಕಾಗದದಲ್ಲಿ ಕೆಟ್ಟ ಹೆಸರು ಕಚೇರಿಯಿಂದ ಕಚೇರಿಗೆ ಅಲೆಸುತ್ತದೆ.

ಈ ಅಲೆದಾಟ ಈಗ ಮೊದಲಿಗಿಂತ ಹೆಚ್ಚು ಕಷ್ಟದ್ದು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಸೇರ್ಪಡೆಯಿಂದ ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಹುಟ್ಟಿನ ಆಧಾರ. ಆದರೆ ಅವಸರವೂ ಬೇಡ. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಹುಟ್ಟನ್ನು 21 ದಿನಗಳೊಳಗೆ ತಿಳಿಸಬೇಕು, ನಿಜ. ಹೆಸರನ್ನು ಆಮೇಲೆ ಸೇರಿಸಬಹುದು. ಒಂದು ವರ್ಷದೊಳಗಾದರೆ ಶುಲ್ಕವಿಲ್ಲ. ತಡವಾದರೆ ಶುಲ್ಕ ತೆತ್ತು 15 ವರ್ಷಗಳವರೆಗೂ ಅವಕಾಶವುಂಟು.

ಆದುದರಿಂದ ಕೇಳಲು ಬಂದವರಿಗೆ ನಾನು ಹೇಳುವುದಿಷ್ಟೆ. ಹೆಸರನ್ನು ಮೊದಲು ಬರೆಯಬೇಡಿರಿ, ಕರೆದು ನೋಡಿರಿ. ಹಿತ್ತಿಲಿನಿಂದ ಜಗಲಿಗೆ ಕೇಳುವಂತೆ ಕೂಗಿ ನೋಡಿರಿ. ಮನೆಯ ಅತ್ಯಂತ ಹಿರಿಯ ಬಾಯಿಂದ ಒಮ್ಮೆ ಹೇಳಿಸಿರಿ. ಬಳಿಕ ಕನ್ನಡದಲ್ಲಿ ಬರೆದು, ‘ಗೆ’, ‘ಅನ್ನು’ ಸೇರಿಸಿ, ಎಡವುತ್ತದೆಯೇ ಎಂದು ಪರೀಕ್ಷಿಸಿರಿ. ಕೊನೆಗೆ ಇಂಗ್ಲಿಷ್ ಅಕ್ಷರಗಳನ್ನು ಗೊತ್ತುಮಾಡಿ, ಎಲ್ಲ ಕಾಗದಗಳಲ್ಲಿಯೂ ಅದನ್ನೇ ಉಳಿಸಿಕೊಳ್ಳಿರಿ. ಭೀಮಲೆಯ ಹೆಸರು ಕಲ್ಲಿನ ಮೇಲೆ ನಿಲ್ಲುವುದಕ್ಕೆ ಮೊದಲು ಯಾರದೋ ಬಾಯಲ್ಲಿ ಅಕ್ಕರೆಯಿಂದ ಸುಳಿದಾಡಿರಬೇಕು. ನಮ್ಮ ಕೂಸಿನ ಹೆಸರಿಗೂ ಅದೇ ಕ್ರಮ ಒಳ್ಳೆಯದು.