ಕೊನೆಯ ಸಾಲಿನವರಿಗಾಗಿ ಏಳು ತಂತಿ

ಮೊನ್ನೆ ಗೆಳೆಯನೊಬ್ಬ ನಾಟಕಕ್ಕೆ ಕರೆದಿದ್ದ. ವೈಯಾಲಿಕಾವಲ್‌ನ ಚೌಡಯ್ಯ ಮೆಮೋರಿಯಲ್ ಹಾಲ್‌ನಲ್ಲಿ. ಎಂದೂ ಇಲ್ಲದ ಹಾಗೆ ಅವತ್ತು ಟ್ರಾಫಿಕ್ ಕಡಿಮೆ ಇದ್ದು ಅರ್ಧ ಗಂಟೆ ಮೊದಲೇ ತಲುಪಿಬಿಟ್ಟೆವು. ಹೊರಗೆ ನಿಂತು ಕಟ್ಟಡ ನೋಡ್ತಾ ಗೆಳೆಯ ಕೇಳಿದ: "ಅಲ್ಲಾ ಮಾರಾಯ, ಅಂಬಿಗರ ಚೌಡಯ್ಯನ ಹೆಸರಿಟ್ಟು ಪಿಟೀಲಿನ ಆಕಾರದಲ್ಲಿ ಯಾಕೆ ಕಟ್ಟಿದ್ರು?"

ನನಗೆ ನಗು ತಡೆಯಲಾಗಲಿಲ್ಲ. ಇವರು ಹನ್ನೆರಡನೇ ಶತಮಾನದ ವಚನಕಾರರಲ್ಲ, ಇಪ್ಪತ್ತನೇ ಶತಮಾನದ ಪಿಟೀಲು ಚೌಡಯ್ಯನವರು ಅಂತ ಹೇಳಿದೆ. ಆಮೇಲೆ ಅವನನ್ನೇ ಕೇಳಿದೆ, "ಪಿಟೀಲಿಗೆ ಎಷ್ಟು ತಂತಿ?" "ನಾಲ್ಕು." "ಈ ಕಟ್ಟಡದ ತಂತಿ ಎಣಿಸು ನೋಡೋಣ." ಎಣಿಸಿದ. ಏಳು! ಕಟ್ಟಿಸಿದವರು ತಪ್ಪು ಮಾಡಿದ್ದಾರೆ ಅಂತಲೇ ಅವನ ತೀರ್ಮಾನ.

ತಪ್ಪಲ್ಲ. ಆ ಮನುಷ್ಯನ ಇಡೀ ಕಥೆ ಇರುವುದೇ ಆ ಹೆಚ್ಚಿನ ಮೂರು ತಂತಿಗಳಲ್ಲಿ. ನಾಟಕ ಮುಗಿಸಿ ಮನೆಗೆ ಬಂದ ಮೇಲೂ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಹಾಗಾಗಿ ಈ ಬರಹ.

ಚೌಡಯ್ಯನವರು ಹುಟ್ಟಿದ್ದು 1895ರಲ್ಲಿ, ಮೈಸೂರಿನ ಹತ್ತಿರದ ತಿರುಮಕೂಡಲಿನಲ್ಲಿ. ಕಪಿಲೆ ಬಂದು ಕಾವೇರಿಯನ್ನು ಸೇರುವ ಊರು, ಅಗಸ್ತ್ಯೇಶ್ವರನ ಊರು. ತಂದೆ ಅಗಸ್ತ್ಯೇಗೌಡ, ತಾಯಿ ಸುಂದರಮ್ಮ. ಮುಂದೆ ಕೃತಿಗಳನ್ನು ರಚಿಸಿದಾಗ 'ತ್ರಿಮಕುಟ' ಅಂತ ಅಂಕಿತ ಇಟ್ಟುಕೊಂಡರು. ಎಷ್ಟು ದೊಡ್ಡವರಾದರೂ ಊರಿನ ಹೆಸರನ್ನು ಬಿಡಲಿಲ್ಲ ಅನ್ನಿ.

1910ರಲ್ಲಿ, ಇನ್ನೂ 15ರ ಹುಡುಗನಾಗಿದ್ದಾಗ, ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ ಶಿಷ್ಯರಾಗಿ ಸೇರಿದರು. ಕೃಷ್ಣಪ್ಪನವರು ಮೂಲತಃ ದಕ್ಷಿಣ ಕನ್ನಡದ ಕಡೆಯವರು, ಮೈಸೂರಿಗೆ ಬಂದು ಆಸ್ಥಾನ ವಿದ್ವಾಂಸರಾದ ಹಾಡುಗಾರರು. ಕಚೇರಿಯಲ್ಲಿ ದೇವರನಾಮಗಳಿಗೆ ದೊಡ್ಡ ಜಾಗ ಕೊಟ್ಟವರು. ಶಿಸ್ತಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಅವರ ಹತ್ತಿರ 1918ರವರೆಗೆ, ಅಂದರೆ ಸುಮಾರು ಎಂಟು ವರ್ಷ, ಸಾಧನೆ. ಪಿಟೀಲು ಹಿಡಿದವನಿಗೆ ಗುರುವಾಗಿ ಸಿಕ್ಕಿದ್ದು ಹಾಡುಗಾರ ಅನ್ನೋದನ್ನು ಗಮನಿಸಿ. ನಮ್ಮ ಸಂಗೀತದಲ್ಲಿ ಪಿಟೀಲು ಹಾಡಬೇಕು, ಬರೀ ನುಡಿದರೆ ಸಾಲದು. ಸಾಹಿತ್ಯ ಎಲ್ಲಿ ಒಡೆಯುತ್ತೆ, ಹಾಡುಗಾರ ಎಲ್ಲಿ ಉಸಿರು ತಗೋತಾನೆ ಅನ್ನೋದು ಕಮಾನು ಹಿಡಿದ ಕೈಗೆ ಗೊತ್ತಿರಬೇಕು.

ಇನ್ನು ಏಳು ತಂತಿಯ ವಿಷಯ.

ಪಿಟೀಲು ನಮ್ಮದಲ್ಲ, ಯೂರೋಪಿನಿಂದ ಬಂದದ್ದು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದವರಲ್ಲಿ ಮೊದಲಿಗರು. ನೂರು ವರ್ಷದೊಳಗೆ ಪಿಟೀಲಿಲ್ಲದ ಕಚೇರಿಯೇ ಇಲ್ಲ ಅನ್ನುವ ಹಾಗಾಯಿತು. ಆದರೆ ಒಂದು ತೊಂದರೆ ಉಳಿದಿತ್ತು. ಆಗ ಮೈಕು ಇರಲಿಲ್ಲ. ಕಚೇರಿಗಳು ಅರಮನೆಯ ತೊಟ್ಟಿಗಳಿಂದ, ಶ್ರೀಮಂತರ ಮನೆ ಪಡಸಾಲೆಗಳಿಂದ ಸಭೆಗಳಿಗೆ, ರಾಮೋತ್ಸವದ ಚಪ್ಪರಗಳಿಗೆ ಬಂದಿದ್ದವು. ನೂರಾರು ಜನ. ಹಾಡುಗಾರರು ಏರು ಶ್ರುತಿ ಇಟ್ಟುಕೊಂಡು ಎದೆ ತುಂಬಿ ಹಾಡಿ ಹೇಗೋ ಹಿಂದಿನ ಸಾಲಿಗೆ ಮುಟ್ಟಿಸುತ್ತಿದ್ದರು. ಮೃದಂಗವೂ ಮುಟ್ಟುತ್ತಿತ್ತು. ನಡುವೆ ಪಾಪ ಪಿಟೀಲಿನ ದನಿ ಮುಂದಿನ ಸಾಲುಗಳಲ್ಲೇ ಕರಗಿಹೋಗುತ್ತಿತ್ತು. ಹಿಂದೆ ಕೂತವರಿಗೆ ಕಮಾನು ಆಡುವುದು ಕಾಣಿಸುತ್ತಿತ್ತು, ಕೇಳಿಸುತ್ತಿರಲಿಲ್ಲ.

ಚೌಡಯ್ಯನವರಿಗೆ ಇದು ಬಾಧಿಸಿತು. ಇದ್ದ ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೊತೆ ತಂತಿ ಸೇರಿಸಿದರು. ಒಟ್ಟು ಏಳು. ಇದು 1927ರ ಸುಮಾರಿನ ಮಾತು. ಗುರುಗಳು ಏನನ್ನುತ್ತಾರೋ ಎಂಬ ಹೆದರಿಕೆಯಿಂದ ಮೊದಮೊದಲು ಅವರಿಗೆ ತಿಳಿಸದೆಯೇ ಈ ಪ್ರಯೋಗ ನಡೆಸಿದರು ಅಂತ ಒಂದು ಕಥೆ ಹೇಳುತ್ತಾರೆ. ಗುರುಗಳು ಬದುಕಿದ್ದದ್ದು 1931ರವರೆಗೆ.

ಕೇಳಲಿಕ್ಕೆ ಸುಲಭ, ಮೂರು ತಂತಿ ಸೇರಿಸಿದರಾಯ್ತು ಅಂತ. ಪಿಟೀಲು ಮುಟ್ಟಿದವರನ್ನು ಕೇಳಿ ನೋಡಿ. ಪಿಟೀಲಿಗೆ ವೀಣೆಯ ಹಾಗೆ ಮೆಟ್ಟಿಲುಗಳಿಲ್ಲ. ಬೆರಳು ಕೂದಲೆಳೆಯಷ್ಟು ಜಾರಿದರೂ ಅಪಸ್ವರ. ಅಂಥದ್ದರಲ್ಲಿ ಒಂದೇ ಬೆರಳಿನಲ್ಲಿ ಎರಡು ತಂತಿ ಒಟ್ಟಿಗೆ ಒತ್ತಬೇಕು, ಒತ್ತಿಕೊಂಡೇ ಗಮಕ ಜಾರಿಸಬೇಕು. ಜೋಡಿಯಲ್ಲಿ ಒಂದು ತಂತಿ ಚೂರು ಇಳಿದರೆ ಮುಗಿಯಿತು, ಎರಡೂ ಜಗಳ ಆಡುತ್ತವೆ. ಕಮಾನಿಗೆ ಹೆಚ್ಚು ತೂಕ ಕೊಡಬೇಕು. ನಾಲ್ಕು ಬಿರಡೆ ತಿರುಗಿಸಿ ಶ್ರುತಿ ಮಾಡುವ ಕಡೆ ಏಳು ತಿರುಗಿಸಬೇಕು. ಹಾಡುಗಾರ ಕಾಯುತ್ತಿರುತ್ತಾನೆ, ಸಭಿಕರು ಕೆಮ್ಮುತ್ತಿರುತ್ತಾರೆ! ಇಷ್ಟೆಲ್ಲ ಕಷ್ಟವನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡದ್ದು ಯಾರಿಗಾಗಿ? ಮುಂದಿನ ಸಾಲಿನಲ್ಲಿ ಕೂತ ದೊಡ್ಡ ಮನುಷ್ಯರಿಗಂತೂ ಅಲ್ಲ, ಅವರಿಗೆ ನಾಲ್ಕು ತಂತಿಯೇ ಕೇಳಿಸುತ್ತಿತ್ತು.

ಇಲ್ಲಿ ನಮ್ಮ ಅಜ್ಜನ ವಿಷಯ ಹೇಳಲೇಬೇಕು. ನಾನು ಹೈಸ್ಕೂಲಿನಲ್ಲಿದ್ದಾಗ ಎರಡು ವರ್ಷ ಪಿಟೀಲು ಕ್ಲಾಸಿಗೆ ಹೋಗಿ, ಜಂಟಿ ವರಸೆ ದಾಟುವಷ್ಟರಲ್ಲಿ ಕ್ರಿಕೆಟ್ಟಿನ ಹುಚ್ಚು ಹತ್ತಿ ಬಿಟ್ಟುಬಿಟ್ಟೆ. ಫೀಸು ಕಟ್ಟುತ್ತಿದ್ದವರು ಅಜ್ಜ. ಬೈಯಲಿಲ್ಲ. ಆವತ್ತು ರಾತ್ರಿ ಊಟ ಆದ ಮೇಲೆ ಒಂದೇ ಮಾತು ಹೇಳಿದರು: "ನಾನು ಚೌಡಯ್ಯನೋರನ್ನ ಕೇಳಿದೀನಿ ಕಣೋ. ಮೈಸೂರಲ್ಲಿ, ರಾಮೋತ್ಸವದ ಚಪ್ಪರದಲ್ಲಿ. ಒಳಗೆ ಜಾಗ ಇಲ್ದೆ ಚಪ್ಪರದಿಂದ ಆಚೆ ನಿಂತಿದ್ದೆ. ಅಲ್ಲೀವರೆಗೂ ಬಂತು." ನಾನು ದೊಡ್ಡ ಬುದ್ಧಿವಂತನ ಹಾಗೆ "ಮೈಕ್ ಇತ್ತೇನೋ ಬಿಡಿ ಅಜ್ಜ" ಅಂದೆ. "ಇರ್ಲಿಲ್ಲ" ಅಂದರು ಅಷ್ಟೆ, ಎದ್ದು ಹೋದರು. ಏನು ನುಡಿಸಿದರು, ಹೇಗಿತ್ತು ಅಂತ ನಾನು ಕೇಳಲಿಲ್ಲ. ಆಮೇಲೆ ಕೇಳಬೇಕು ಅನ್ನಿಸುವ ಹೊತ್ತಿಗೆ ಅಜ್ಜ ಇರಲಿಲ್ಲ.

ಇರಲಿ. ಆ ಏಳು ತಂತಿ ಚೌಡಯ್ಯನವರನ್ನು ಎಲ್ಲಿಗೆ ಒಯ್ಯಿತು ನೋಡಿ. ಆಂಧ್ರದ ದ್ವಾರಂ ವೆಂಕಟಸ್ವಾಮಿ ನಾಯ್ಡು, ತಮಿಳುನಾಡಿನ ಕುಂಭಕೋಣಂ ರಾಜಮಾಣಿಕ್ಕಂ ಪಿಳ್ಳೈ, ಮೈಸೂರಿನ ಚೌಡಯ್ಯ, ಇವರು ಮೂವರನ್ನು ಆ ಕಾಲದ ಪಿಟೀಲಿನ ತ್ರಿಮೂರ್ತಿಗಳು ಅಂತಲೇ ರಸಿಕರು ಹೇಳುತ್ತಿದ್ದರು. ಅದರಲ್ಲೂ ಚೆಂಬೈ ವೈದ್ಯನಾಥ ಭಾಗವತರ ಜೊತೆ ಚೌಡಯ್ಯನವರ ಜೋಡಿ ಬಹಳ ದೊಡ್ಡದು. ಚೆಂಬೈ ಅವರದು ಕಂಚಿನ ಕಂಠ. ಅಂಥ ಗಂಟಲಿಗೆ ಸಮನಾಗಿ ನಿಲ್ಲಲು ಏಳು ತಂತಿಯೇ ಬೇಕಿತ್ತೇನೋ! ಜೊತೆಗೆ ಮೃದಂಗಕ್ಕೆ ಪಾಲ್ಘಾಟ್ ಮಣಿ ಅಯ್ಯರ್. ಮದರಾಸಿನ ಸಭೆಗಳಲ್ಲಿ ಕನ್ನಡದ ಹೆಸರೊಂದು ಹೀಗೆ ನೆಲೆ ನಿಂತಿತು. 1957ರಲ್ಲಿ ಅಲ್ಲಿನ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಗೌರವವೂ ಬಂತು.

ಸುಮ್ಮನೆ ಕೂರುವ ಜೀವ ಅಲ್ಲ ಅದು. ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಾಲೇಜು ನಡೆಸಿದರು. ಕನ್ನಡ, ತೆಲುಗು, ಸಂಸ್ಕೃತಗಳಲ್ಲಿ ಕೃತಿ ರಚಿಸಿದರು. ಸಾಲದ್ದಕ್ಕೆ ಸಿನಿಮಾ ಬೇರೆ! 1943ರಲ್ಲಿ ಬಂದ 'ವಾಣಿ' ಚಿತ್ರದ ನಿರ್ಮಾಪಕರು ಇವರೇ, ನಿರ್ದೇಶನ ಕೆ. ಹಿರಣ್ಣಯ್ಯನವರದು. ಪಂಡರಿಬಾಯಿ ಮೊದಲು ತೆರೆಗೆ ಬಂದದ್ದೂ ಅದರಲ್ಲೇ. ಆ ಚಿತ್ರದಲ್ಲಿ ಚೆಂಬೈ, ಚೌಡಯ್ಯ, ಮಣಿ ಅಯ್ಯರ್ ಮೂವರೂ ಕೂತು ಕಚೇರಿ ಮಾಡುವ ದೃಶ್ಯ ಇದೆ. ಅಂತರ್ಜಾಲದಲ್ಲಿ ಅದರ ತುಣುಕು ಹುಡುಕಿ ನೋಡಿ.

ನಾನೂ ಆವತ್ತು ರಾತ್ರಿ ಆ ತುಣುಕನ್ನು ನೋಡಿದೆ. ಹಳೆಯ ಧ್ವನಿಮುದ್ರಣಗಳನ್ನೂ ಕೇಳಿದೆ. ಚೆನ್ನಾಗಿದೆ. ದನಿಯಲ್ಲಿ ಒಂದು ದಪ್ಪ ಇದೆ, ತುಂಬಿಕೊಂಡ ಹಾಗಿದೆ. ಆದರೆ ಕೇಳ್ತಾ ಕೇಳ್ತಾ ಒಂದು ವಿಷಯ ಹೊಳೆದು ಪೆಚ್ಚಾದೆ. ಧ್ವನಿಮುದ್ರಣ ಅಂದಮೇಲೆ ಎದುರಿಗೊಂದು ಮೈಕು ಇರಲೇಬೇಕಲ್ಲ? ಮೈಕಿನ ಮುಂದೆ ನಾಲ್ಕು ತಂತಿಯೂ ಒಂದೇ, ಏಳು ತಂತಿಯೂ ಒಂದೇ. ಮೆಲ್ಲಗಿದ್ದದ್ದನ್ನು ಅದು ಏರಿಸುತ್ತದೆ, ಜೋರಾಗಿದ್ದದ್ದನ್ನು ನಾವು ಗುಂಡಿ ತಿರುಗಿಸಿ ಇಳಿಸುತ್ತೇವೆ. ಮೈಕಿಲ್ಲದ ಚಪ್ಪರದ ಆಚೆ ನಿಂತವನ ತನಕ ದನಿ ನಡೆದುಕೊಂಡು ಬಂತಲ್ಲ, ಚೌಡಯ್ಯನವರು ಮಾಡಿದ ಆ ಕೆಲಸವೊಂದೇ ಯಾವ ಮುದ್ರಣದಲ್ಲೂ ಸಿಗುವುದಿಲ್ಲ. ಅದನ್ನು ಕೇಳಿದ್ದವರು ನಮ್ಮ ಮನೆಯಲ್ಲೇ ಇದ್ದರು. ನಾನು ಕೇಳಲಿಲ್ಲ.

ಮೈಕು ಊರೂರಿಗೆ ಬಂದ ಮೇಲೆ ಏಳು ತಂತಿಯ ಅಗತ್ಯ ಕರಗುತ್ತಾ ಹೋಯಿತು. ಆರ್.ಆರ್. ಕೇಶವಮೂರ್ತಿಗಳಂಥ ಹಿರಿಯರು ಅದನ್ನು ಬಿಡದೆ ನುಡಿಸಿ ಶಿಷ್ಯರನ್ನು ತಯಾರು ಮಾಡಿದರು. ಅವರೂ 2006ರಲ್ಲಿ ತೀರಿಕೊಂಡರು. ಇವತ್ತು ಕಚೇರಿಗೆ ಹೋದರೆ ಎಲ್ಲೆಲ್ಲೂ ನಾಲ್ಕೇ ತಂತಿ. ತಪ್ಪೇನಿಲ್ಲ, ಬೇಕಿಲ್ಲದ ಕಷ್ಟವನ್ನು ಯಾರು ತಾನೇ ಹೊರುತ್ತಾರೆ?

ಚೌಡಯ್ಯನವರು ಹೋದದ್ದು 1967ರ ಜನವರಿ 19ರಂದು. 1980ರಲ್ಲಿ ಕೆ.ಕೆ. ಮೂರ್ತಿಯವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಈ ಸಭಾಂಗಣ ಎದ್ದಿತು. ಕುದುರೆ, ಬಿರಡೆ, ತಂತಿ, ಕಮಾನು ಎಲ್ಲವೂ ಇರುವ ಕಟ್ಟಡ. ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ಸಂಗೀತಗಾರರಿಗೆ ಪ್ರಶಸ್ತಿಯನ್ನೂ ಕೊಡುತ್ತದೆ. ಅಂದರೆ ನಾವು ಮರೆತಿಲ್ಲ ಅಂತಲೇ ಹೇಳಬೇಕು. ಆದರೂ ಆ ಹಾಲಿನೊಳಗೆ ಎಲ್ಲರ ಮುಂದೆಯೂ ಮೈಕು, ಎರಡೂ ಪಕ್ಕ ಆಳೆತ್ತರದ ಸ್ಪೀಕರ್. ಏಳು ತಂತಿ ಉಳಿದಿರುವುದು ಹೊರಗಡೆ, ಸಿಮೆಂಟಿನ ಮೈ ಮೇಲೆ, ಸದ್ದಿಲ್ಲದೆ.

ಅವತ್ತು ನಾಟಕಕ್ಕೆ ನಮಗೆ ಸಿಕ್ಕಿದ್ದು ಕೊನೆಯ ಸಾಲು. ಗೆಳೆಯ ಗೊಣಗಿದ. ನನಗೇನೂ ಬೇಸರ ಅನ್ನಿಸಲಿಲ್ಲ. ಈ ಹಾಲಿನಲ್ಲಿ ಕೂರುವುದಾದರೆ ಇಲ್ಲೇ ಕೂರಬೇಕು ಅನ್ನಿಸಿತು.

ನಿಮ್ಮ ಮನೆಯಲ್ಲಿ ಚೌಡಯ್ಯನವರನ್ನು ಮೈಕಿಲ್ಲದೆ ಕೇಳಿದ ಹಿರಿಯರು ಯಾರಾದರೂ ಇದ್ದರೆ ಇವತ್ತೇ ಹತ್ತಿರ ಕೂತು ಕೇಳಿ. ಯಾವ ಊರು, ಎಷ್ಟು ದೂರದಲ್ಲಿ ಕೂತಿದ್ದರು, ಹೇಗೆ ಕೇಳಿಸಿತು ಅಂತ. ಬರೆದಿಡಿ. ನನಗೂ ತಿಳಿಸಿ.